ಒಂದೂಕಾಲು ಅಂಗುಲ

ಹರಟೆಯ ಲೇಖಕರು ತಮ್ಮನ್ನು ತಾವು ‘ನಾವು’ ಎಂದು ಕರೆದುಕೊಳ್ಳುವುದು ಹಳೆಯ ರೂಢಿ. ಮಠಾಧಿಪತಿಗಳಿಗೂ ಮಹಾರಾಜರಿಗೂ ಸಲ್ಲುವ ಆ ಬಹುವಚನವನ್ನು ನಾವು ಬಳಸುವುದಕ್ಕೆ ಬೇರೆಯೇ ಕಾರಣವಿದೆ. ನಮ್ಮ ಎತ್ತರ 5 ಅಡಿ 1 ಅಂಗುಲ. ದೇಹ ಕೊಡದಿದ್ದುದನ್ನು ವ್ಯಾಕರಣವಾದರೂ ಕೊಡಲಿ ಎಂಬ ಆಸೆ.

ಈ ಬರಹ ಪಾದರಕ್ಷೆಯನ್ನು ಕುರಿತದ್ದು. ನಿಖರವಾಗಿ ಹೇಳುವುದಾದರೆ, ಗಂಡಸೊಬ್ಬ ದಿನವೂ ಕಚೇರಿಗೆ ಮೆಟ್ಟಿಕೊಂಡು ಹೋಗುವ ಬೂಟಿನ ಹಿಮ್ಮಡಿ ಎಷ್ಟು ಎತ್ತರವಿದ್ದರೆ ಸುಖ ಎಂಬುದನ್ನು ಕುರಿತದ್ದು. ಹೆಂಗಸರು ಈ ಪ್ರಶ್ನೆಯನ್ನು ಅಂಗಡಿಯಲ್ಲಿ ಎಲ್ಲರೆದುರೇ ಕೇಳುತ್ತಾರೆ. ಗಂಡಸರಾದ ನಾವು ಯಾರಲ್ಲೂ ಕೇಳಲಾರೆವು. ಕೇಳದೆಯೇ ನಾವು ಇಪ್ಪತ್ತು ವರ್ಷ ಎರಡು ಅಂಗುಲದ ಮೇಲೆ ನಿಂತಿದ್ದೆವು.

ಕಥೆ ಆರಂಭವಾದದ್ದು ಒಂದು ಗೋಡೆಯ ಬಳಿ. ಕಲಬುರ್ಗಿಯಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಕೀಟ್ಸ್ ಕವಿಯೂ ಐದಡಿಯ ಆಸುಪಾಸಿನ ಆಳಾಗಿದ್ದನೆಂಬುದನ್ನು ತಿಳಿದು ಧೈರ್ಯ ತಂದುಕೊಂಡಿದ್ದ ಕಾಲ. ಸಿಬ್ಬಂದಿ ಆಯ್ಕೆ ಆಯೋಗದ ಪರೀಕ್ಷೆಯ ಲಿಖಿತ ಭಾಗದಲ್ಲಿ ಒಳ್ಳೆಯ ಅಂಕಗಳೇ ಬಂದವು. ನಮ್ಮ ಕಣ್ಣಿದ್ದದ್ದು ಕೇಂದ್ರ ಅಬಕಾರಿ ಇನ್‌ಸ್ಪೆಕ್ಟರ್ ಹುದ್ದೆಯ ಮೇಲೆ. ಅದಕ್ಕೆ ಗಂಡಸರು 15 ನಿಮಿಷದಲ್ಲಿ 1600 ಮೀಟರ್ ನಡೆಯಬೇಕು, 30 ನಿಮಿಷದಲ್ಲಿ 8 ಕಿಲೋಮೀಟರ್ ಸೈಕಲ್ ತುಳಿಯಬೇಕು, ಉಸಿರೆಳೆದಾಗ ಎದೆ 81 ಸೆಂಟಿಮೀಟರ್ ಬರಬೇಕು. ಹೊಲದ ಬದುವಿನ ಮೇಲೆ ಸೈಕಲ್ ಕಲಿತವರಿಗೆ ಇವೆಲ್ಲ ಲೆಕ್ಕಕ್ಕಿಲ್ಲ. ಉಳಿದದ್ದು ಎತ್ತರ: 157.5 ಸೆಂಟಿಮೀಟರ್.

ಮನುಷ್ಯ ಬೆಳಿಗ್ಗೆ ಏಳುವಾಗ ಸಂಜೆಗಿಂತ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಎತ್ತರವಿರುತ್ತಾನೆಂದು ಗೆಳೆಯನೊಬ್ಬ ಓದಿ ಹೇಳಿದ್ದ. ಹಗಲೆಲ್ಲ ದೇಹದ ಭಾರಕ್ಕೆ ಬೆನ್ನುಮೂಳೆಯ ನಡುವಣ ಮೆತ್ತೆಗಳು ಅದುಮಿಕೊಳ್ಳುತ್ತವಂತೆ. ಮಲಗಿದಾಗ ಮತ್ತೆ ಉಬ್ಬುತ್ತವಂತೆ. ಅದು ನಿಜವೇ. ಅದನ್ನು ನಂಬಿ ಹಿಂದಿನ ರಾತ್ರಿ ಎಂಟಕ್ಕೇ ಮಲಗಿ, ಬೆಳಿಗ್ಗೆ ಆಟೋದಲ್ಲಿಯೂ ಅರ್ಧ ಒರಗಿಕೊಂಡೇ ಹೋದೆವು. ಚಪ್ಪಲಿ ಬಿಚ್ಚಿಸಿ ಗೋಡೆಗೆ ನಿಲ್ಲಿಸಿದರು. ಪಟ್ಟಿ ನೆತ್ತಿಗೆ ತಾಗಿತು. ಅಳೆಯುತ್ತಿದ್ದವರು ಸಜ್ಜನರು, ಎರಡು ಸಲ ಅಳೆದರು, ಎರಡನೆಯ ಸಲ ಕೂದಲನ್ನು ಒತ್ತಲೂ ಇಲ್ಲ. 155. ತಪ್ಪು ಯಾರದೂ ಅಲ್ಲ. ಒಂದೇ ಒಂದು ಅಂಗುಲದ ಕೊರತೆ. ಅಳತೆ ಕೇಳದ ಇನ್ನೊಂದು ಇಲಾಖೆ ನಮ್ಮನ್ನು ಕರೆದುಕೊಂಡಿತು. ಹಾಗೆ ಹೈದರಾಬಾದಿಗೆ ಬಂದೆವು, ಇಲ್ಲಿಯೇ ಉಳಿದೆವು.

ಮೊದಲ ಸಂಬಳದಲ್ಲಿ ಅವ್ವನಿಗೆ ಸೀರೆ, ಅಪ್ಪನಿಗೆ ಧೋತರ, ನಮಗೆ ಒಂದು ಜೊತೆ ಬೂಟು. ಹೊರಗಿನಿಂದ ನೋಡಿದರೆ ಸಾಧಾರಣ ಕಪ್ಪು ಬೂಟು, ಹಿಮ್ಮಡಿ ಒಂದು ಅಂಗುಲ. ಒಳಗೆ, ಪಾದದ ಹಿಂಭಾಗದ ಕೆಳಗೆ, ಇನ್ನೊಂದು ಅಂಗುಲದ ಬೆಣೆ. ಒಟ್ಟು ಎರಡು. ಅದನ್ನು ಮೆಟ್ಟಿ ಆಬಿಡ್ಸ್ ರಸ್ತೆಯಲ್ಲಿ ನಡೆದಾಗ ಅಂಗಡಿಗಳ ಕನ್ನಡಿಯಲ್ಲಿ ಕಂಡಾತ ನಿಸ್ಸಂಶಯವಾಗಿ ಇನ್‌ಸ್ಪೆಕ್ಟರನೇ.

ಆದರೆ ಇಂಥ ಬೂಟಿಗೆ ನಮ್ಮ ದೇಶದಲ್ಲಿ ಒಂದು ಶತ್ರುವಿದೆ. ಅದರ ಹೆಸರು ಹೊಸಿಲು. ಫ್ರಾನ್ಸಿನ 14ನೆಯ ಲೂಯಿ ದೊರೆ ಕೆಂಪು ಹಿಮ್ಮಡಿಯ ಪಾದರಕ್ಷೆ ಮೆಟ್ಟಿ ಅರಮನೆಯ ಒಳಗೂ ಹೊರಗೂ ಒಂದೇ ಎತ್ತರದಲ್ಲಿ ಓಡಾಡಿದ. 1701ರಲ್ಲಿ ರಿಗೋ ಬರೆದ ಅವನ ಚಿತ್ರದಲ್ಲಿ ಆ ಕೆಂಪು ಹಿಮ್ಮಡಿಗಳನ್ನು ಇಂದಿಗೂ ಕಾಣಬಹುದು. ಅವನನ್ನು ಯಾರೂ ಬಾಗಿಲಲ್ಲಿ ನಿಲ್ಲಿಸಿ ‘ಚಪ್ಪಲಿ ಅಲ್ಲೇ ಬಿಡ್ರಿ’ ಎನ್ನಲಿಲ್ಲ. ನಾವಾದರೋ ದಿನಕ್ಕೆ ಐದು ಸಲ ಎತ್ತರ ಕಳೆದುಕೊಳ್ಳುವವರು. ಬಂಧುಗಳ ಮನೆಯಲ್ಲಿ, ಸತ್ಯನಾರಾಯಣ ಪೂಜೆಯಲ್ಲಿ, ನೌಬತ್ ಪಹಾಡದ ಬಿರ್ಲಾ ಮಂದಿರದಲ್ಲಿ. ಆ ದಿನಗಳಲ್ಲಿ ಕಚೇರಿಯ ಕಂಪ್ಯೂಟರ್ ಕೋಣೆಗೂ ಬೂಟು ಬಿಚ್ಚಿಯೇ ಹೋಗಬೇಕಿತ್ತು. ಯಂತ್ರಕ್ಕೆ ಧೂಳು ಆಗದಂತೆ. ನಮ್ಮ ಮೇಲಧಿಕಾರಿಗಳು ಒಮ್ಮೆ ಅಲ್ಲಿ ನಮ್ಮನ್ನು ನೋಡಿ, ಪಕ್ಕದವರನ್ನು ‘ಈ ಹುಡುಗ ಹೊಸಬನೇ?’ ಎಂದು ವಿಚಾರಿಸಿದರು. ಅವರ ಕೈಕೆಳಗೆ ನಾವು ಕೆಲಸ ಮಾಡಲಾರಂಭಿಸಿ ಏಳು ತಿಂಗಳಾಗಿತ್ತು.

ಹೆಣ್ಣು ನೋಡುವುದಕ್ಕೂ ಆ ಬೂಟಿನಲ್ಲಿಯೇ ಹೋದೆವು. ಬೀದರಿನ ಮನೆ, ಪಡಸಾಲೆಗೆ ಮೂರು ಮೆಟ್ಟಿಲು. ಕೆಳಗೇ ಬೂಟು ಬಿಚ್ಚಬೇಕೆಂಬುದು ಹೊರಟಾಗ ಹೊಳೆದಿರಲಿಲ್ಲ ಎಂದರೆ ನಂಬುವಿರಾ? ಎಂ.ಎ. ಓದಿದವರ ಬುದ್ಧಿ. ಒಳಗೆ ಹೋಗಿ ಬೇಗನೆ ಕುಳಿತುಬಿಟ್ಟೆವು, ಏಳುವ ಸಂದರ್ಭ ಬಂದಾಗಲೆಲ್ಲ ನಮಸ್ಕಾರದ ನೆಪದಲ್ಲಿ ಬಾಗಿದೆವು. ಹುಡುಗಿ ನಮಗಿಂತ ಎರಡು ಅಂಗುಲ ಎತ್ತರ. ಒಪ್ಪಿಗೆ ಬಂದಾಗ ಇದು ಹೇಗಾಯಿತೆಂದು ಕೇಳುವ ಧೈರ್ಯ ಆಗಲಿಲ್ಲ. ಮದುವೆಯ ನಂತರ ಬೀದಿಯಲ್ಲಿ ಇಬ್ಬರೂ ಸರಿಸಮ. ಮನೆಯೊಳಗೆ ಹೇಗೋ ಹಾಗೆ.

ಗಂಡಸಿಗೆ ಎತ್ತರದ ಹಿಮ್ಮಡಿ ಅಸಹಜವೆಂದು ಭಾವಿಸುವವರಿಗೆ ಒಂದು ಮಾತು. ಎತ್ತರದ ಹಿಮ್ಮಡಿ ಯುರೋಪಿನ ಸೊಬಗಾಗುವ ಮೊದಲು ಕುದುರೆ ಸವಾರರ ಉಪಕರಣವಾಗಿತ್ತು. ಪರ್ಷಿಯದ ಸವಾರರು ರಿಕಾಬಿನಲ್ಲಿ ಪಾದ ಜಾರದಂತೆ ಹಿಡಿಯಲು, ನಿಂತು ಬಾಣ ಬಿಡಲು, ಹಿಮ್ಮಡಿಯುಳ್ಳ ಪಾದರಕ್ಷೆ ತೊಡುತ್ತಿದ್ದರು. ಸಫವೀ ದೊರೆ ಶಾಹ್ ಅಬ್ಬಾಸ್ 1599ರಲ್ಲಿ ಯುರೋಪಿಗೆ ರಾಯಭಾರ ಕಳುಹಿಸಿದ. ಆ ಕಾಲದ ನಂಟಿನಲ್ಲಿ ಹಿಮ್ಮಡಿ ಪಶ್ಚಿಮಕ್ಕೆ ಹೋಗಿ ಮೊದಲು ಗಂಡಸರ ಕಾಲನ್ನೇ ಸೇರಿತು. ಹೆಂಗಸರು ಅದನ್ನು ಗಂಡಸರಿಂದ ತೆಗೆದುಕೊಂಡರು. 18ನೆಯ ಶತಮಾನದಲ್ಲಿ ಗಂಡಸರು ಮೆಲ್ಲಗೆ ಕೆಳಗಿಳಿದರು. ಟೊರಾಂಟೊದಲ್ಲಿರುವ ಬಾಟಾ ಪಾದರಕ್ಷೆ ವಸ್ತುಸಂಗ್ರಹಾಲಯ 2015ರಲ್ಲಿ ಗಂಡಸರ ಹಿಮ್ಮಡಿಗಳ ಚರಿತ್ರೆಯನ್ನೇ ಕುರಿತು ಪ್ರದರ್ಶನ ಏರ್ಪಡಿಸಿತ್ತು. ನಮ್ಮ ಹೈದರಾಬಾದು ಹುಟ್ಟಿದ್ದು 1591ರಲ್ಲಿ, ಪರ್ಷಿಯದ ನಂಟಿನ ಕುತುಬ್ ಶಾಹಿಗಳ ಕೈಯಲ್ಲಿ; ನಗರದ ಯೋಜನೆಗೆ ತಲೆ ಕೊಟ್ಟ ಮೀರ್ ಮೋಮಿನ್ ಅಸ್ತರಾಬಾದಿನವರು. ಚಾರ್‌ಮಿನಾರಿನ ಸುತ್ತ ಆಗ ಟಕಟಕ ಸದ್ದು ಕೇಳಿದ್ದಿರಬಹುದೆಂಬುದು ನಮ್ಮ ಊಹೆ ಮಾತ್ರ, ಊಹೆಗೆ ಕಂದಾಯವಿಲ್ಲ.

ಇಂಗ್ಲಿಷ್ ತರಗತಿಯಲ್ಲಿ ಹ್ಯಾಮ್ಲೆಟ್ ಓದುವಾಗ ಒಂದು ಸಣ್ಣ ಮಾತು ನಮಗೆ ಮಾತ್ರ ಚುಚ್ಚಿತ್ತು. ನಾಟಕದವರು ಅರಮನೆಗೆ ಬಂದಾಗ ರಾಜಕುಮಾರ ಹೆಣ್ಣುಪಾತ್ರದ ಹುಡುಗನನ್ನು ನೋಡಿ, ಹಿಂದಿನ ಸಲಕ್ಕಿಂತ ಒಂದು ಚೋಪಿನ್‌ನಷ್ಟು ಬೆಳೆದಿದ್ದೀಯೆ ಎಂದು ತಮಾಷೆ ಮಾಡುತ್ತಾನೆ. ಚೋಪಿನ್ ಎಂದರೆ ವೆನಿಸ್ಸಿನ ಹೆಂಗಸರು ತೊಡುತ್ತಿದ್ದ ದಪ್ಪ ಅಟ್ಟೆಯ ಮೆಟ್ಟು. ಇಡೀ ತರಗತಿ ಹ್ಯಾಮ್ಲೆಟ್ಟನ ದುಃಖದಲ್ಲಿ ಮುಳುಗಿದ್ದಾಗ ನಾವು ಆ ಹುಡುಗನ ಕಡೆಗೆ ನಿಂತಿದ್ದೆವು.

ನಮ್ಮಲ್ಲಿ ಎತ್ತರದ ಮೆಟ್ಟು ಇರಲಿಲ್ಲವೆಂದಲ್ಲ. ಮರದ ಹಾವುಗೆಗೆ ಮುಂದೊಂದು ಹಿಂದೊಂದು ಕಾಲು. ಸಂನ್ಯಾಸಿಗಳು ಅದರ ಮೇಲೆ ನೆಲದಿಂದ ಎರಡು ಮೂರು ಅಂಗುಲ ಮೇಲೆಯೇ ನಡೆದರು. ಆದರೆ ಹಾವುಗೆ ಪಾದವನ್ನೆಲ್ಲ ಒಂದೇ ಸಮನೆ ಎತ್ತುತ್ತದೆ. ಹಿಮ್ಮಡಿಯನ್ನು ಮಾತ್ರ ಎತ್ತಿ ಬೆರಳನ್ನು ಇಳಿಜಾರಿಗೆ ತಳ್ಳುವುದು ಬೇರೆಯೇ ವಿದ್ಯೆ. ಈ ವ್ಯತ್ಯಾಸ ನಮಗೆ ತಿಳಿದದ್ದು ಪುಸ್ತಕದಿಂದಲ್ಲ, ಅಪ್ಪ ತೀರಿಕೊಂಡ ದಿನ.

ಮೂರು ವರ್ಷದ ಹಿಂದಿನ ಮಾತು. ಭಾಲ್ಕಿ ತಾಲೂಕಿನ ನಮ್ಮೂರು; ಬೇಸಗೆಯ ಹನ್ನೊಂದು ಗಂಟೆ. ಅಣ್ಣ ಬೆಂಕಿಯ ಗಡಿಗೆ ಹಿಡಿದು ಮುಂದೆ ನಿಂತ. ಚಟ್ಟಕ್ಕೆ ಹೆಗಲು ಕೊಡಲು ಚಿಕ್ಕಪ್ಪನ ಮಕ್ಕಳು ಮೂವರು, ನಾಲ್ಕನೆಯವರು ನಾವು. ಎತ್ತಿದೊಡನೆ ಅದು ನಮ್ಮ ಮೂಲೆಗೆ ವಾಲಿತು. ಎಲ್ಲರೂ ಬರಿಗಾಲು. ಯಾರೂ ಏನೂ ಅನ್ನಲಿಲ್ಲ. ಸೋದರಮಾವ ತಮ್ಮ ಹೆಗಲ ಮೇಲಿನ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ನಮ್ಮ ಹೆಗಲ ಮೇಲೆ, ಬಿದಿರಿನ ಕೆಳಗೆ ತುರುಕಿದರು. “ಈಗ ಸಮ ಆಯ್ತು ನೋಡಪ್ಪ. ನಡಿ” ಎಂದರು.

ನಡೆದೆವು. ಊರ ಹೊರಗಿನ ಹಾದಿ ಬರೀ ಹರಳುಕಲ್ಲು. ಇಪ್ಪತ್ತು ವರ್ಷ ಎರಡು ಅಂಗುಲದ ಮೇಲೆ ಬದುಕಿದ ಹಿಮ್ಮಡಿಗೆ ನೆಲ ಮರೆತುಹೋಗಿತ್ತು. ಮೀನಖಂಡದಿಂದ ಕೆಳಗಿಳಿವ ದಪ್ಪ ನರವನ್ನು ಯಾರೋ ಹುರಿ ಹಾಕಿ ಎಳೆದಂತೆ; ಹೆಜ್ಜೆ ಊರಿದಾಗಲೆಲ್ಲ ಅಂಗಾಲಿನೊಳಗೆ ಮೊಳೆ. ಹಳ್ಳ ಬರುವ ಮೊದಲೇ ನಿಂತುಬಿಟ್ಟೆವು. ಪಕ್ಕದ ಮನೆಯ ಹುಡುಗನೊಬ್ಬ ಓಡಿಬಂದು ಹೆಗಲು ಬದಲಿಸಿದ. ಅಪ್ಪನನ್ನು ಕೊನೆಯವರೆಗೆ ಹೊರಲಾಗಲಿಲ್ಲ. ಆಮೇಲಿನ ಕ್ರಿಯೆಗಳಲ್ಲಿ ಕುಕ್ಕುರುಗಾಲಿನಲ್ಲಿ ಕೂರಬೇಕಾದಾಗ ಹಿಮ್ಮಡಿ ನೆಲಕ್ಕೆ ಮುಟ್ಟಲೇ ಇಲ್ಲ. ಮುಂಗಾಲಿನ ಮೇಲೆ ತೂಗಾಡಿ ಒಮ್ಮೆ ಹಿಂದಕ್ಕೆ ಬಿದ್ದೆವು. ನಮ್ಮ ಊರಿನವರೆಲ್ಲ ದುಃಖವೆಂದುಕೊಂಡರು. ದುಃಖವೂ ಇತ್ತು.

ಹೈದರಾಬಾದಿಗೆ ಮರಳಿದ ಮೇಲೆ ಬೆಳಿಗ್ಗೆ ಮಂಚದಿಂದ ಇಳಿದು ಇಡುವ ಮೊದಲ ಹೆಜ್ಜೆ ನರಕವಾಯಿತು. ಎರಡು ವಾರ ಸಹಿಸಿ ವೈದ್ಯರಲ್ಲಿಗೆ ಹೋದೆವು. ಅವರು ಬೂಟನ್ನು ಕೈಗೆತ್ತಿಕೊಂಡು ಒಳಗೆ ಬೆರಳು ಹಾಕಿ ನೋಡಿದರು. ನಗಲಿಲ್ಲ, ಅದಕ್ಕಾಗಿ ಅವರಿಗೆ ನಾವು ಚಿರಋಣಿ. ಹಿಮ್ಮಡಿ ಸದಾ ಮೇಲಿದ್ದರೆ ಮೀನಖಂಡದ ಸ್ನಾಯುವೂ ಅದರ ಹುರಿಯೂ ಗಿಡ್ಡವಾಗುತ್ತವೆ, ಬರಿಗಾಲಿಗೆ ಇಳಿದಾಗ ಆ ಸೆಳೆತವೆಲ್ಲ ಪಾದತಳದ ಪೊರೆಯ ಮೇಲೆ ಬೀಳುತ್ತದೆ ಎಂದು ವಿವರಿಸಿದರು. ಆ ಹುರಿಗೆ ಅಕಿಲಿಸ್‌ನ ಹೆಸರು. ತಾಯಿ ಹಿಮ್ಮಡಿ ಹಿಡಿದು ನದಿಯಲ್ಲಿ ಮುಳುಗಿಸಿದ್ದರಿಂದ ಅಲ್ಲಿ ಮಾತ್ರ ಗಾಯಕ್ಕೆ ತುತ್ತಾದ ಗ್ರೀಕ್ ವೀರ. ಎಂ.ಎ.ಯಲ್ಲಿ ಗ್ರೀಕ್ ಪುರಾಣಕಥೆಗಳನ್ನು ಅನುವಾದದಲ್ಲಿ ಓದಿದ್ದಕ್ಕೆ ಇಷ್ಟಾದರೂ ಪ್ರಯೋಜನ.

“ಹಾಗಾದರೆ ನಾಳೆಯಿಂದ ಚಪ್ಪಟೆ ಚಪ್ಪಲಿ” ಎಂದೆವು, ತ್ಯಾಗದ ಧ್ವನಿಯಲ್ಲಿ.

ವೈದ್ಯರು ಬೇಡವೆಂದರು. ಒಮ್ಮೆಲೇ ಇಳಿದರೆ ಹುರಿ ಇನ್ನೂ ಕೆರಳುತ್ತದೆ. ಕಾಲು ಕಾಲು ಅಂಗುಲ ಇಳಿಸಬೇಕು, ಪ್ರತಿ ಇಳಿತಕ್ಕೂ ಮೂರು ನಾಲ್ಕು ವಾರ ಬಿಡಬೇಕು. ದಿನವೂ ಗೋಡೆಗೆ ಕೈಯೂರಿ, ನೋವಿನ ಕಾಲನ್ನು ಹಿಂದಿಟ್ಟು, ಮೊಣಕಾಲು ಮಡಿಸದೆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ 30 ಸೆಕೆಂಡು ನಿಲ್ಲಬೇಕು. ಕೊನೆಗೂ ಪೂರ್ತಿ ಚಪ್ಪಟೆಗೆ ಬರುವ ಅಗತ್ಯವಿಲ್ಲ. ನಿಮ್ಮಂಥ ಪಾದಕ್ಕೆ ಒಂದು ಅಂಗುಲದ ಸುತ್ತಮುತ್ತಲಿನ, ಅಗಲವಾದ ಹಿಮ್ಮಡಿ ಒಳ್ಳೆಯದೇ ಎಂದರು. ಕಾಯಿಲೆಗೂ ಹಿಮ್ಮಡಿ, ಔಷಧಿಗೂ ಹಿಮ್ಮಡಿ. ಪ್ರಶ್ನೆ ಇದ್ದದ್ದು ಅಳತೆಯದು ಮಾತ್ರ. ಮತ್ತೆ ಗೋಡೆಯ ಮುಂದೆ ನಿಂತೆವು. ಈ ಸಲ ಮುಖ ಗೋಡೆಯ ಕಡೆಗೆ.

ಆ ರಾತ್ರಿ ಮನೆಯವರಿಗೆ ಎಲ್ಲವನ್ನೂ ಹೇಳಿಬಿಟ್ಟೆವು. ಗೋಡೆ, ಒಂದು ಅಂಗುಲ, ಬೆಣೆ. ಅವರು ಪಲ್ಯದ ಬೆಂಡೆಕಾಯಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ.

“ನನಗ ಅವತ್ತೇ ಗೊತ್ತಿತ್ತುರೀ.”

“ಯಾವತ್ತು?”

“ನೋಡ್ಲಿಕ್ಕೆ ಬಂದಿದ್ರಲ್ಲ, ಅವತ್ತು. ನೀವೆಲ್ಲ ಒಳಗ ಉಪ್ಪಿಟ್ಟು ತಿನ್ನುವಾಗ ನನ್ನ ತಮ್ಮ ನಿಮ್ಮ ಬೂಟು ಹಾಕ್ಕೊಂಡು ಅಂಗಳದಾಗ ಸುತ್ತಾಡಿದ. ಓಡಿಬಂದು, ಅಕ್ಕಾ, ಹುಡುಗನ ಬೂಟಿನಾಗ ಇಟ್ಟಂಗಿ ಅದ ಅಂದ.”

ಆಗ ಅವನಿಗೆ ಒಂಬತ್ತು ವರ್ಷ. ಮತ್ತೆ ಯಾಕೆ ಒಪ್ಪಿದಿರಿ ಎಂದು ಕೇಳಿದೆವು. ಕೇಳಬೇಕಾದ ಪ್ರಶ್ನೆಯನ್ನು ಹದಿನೈದು ವರ್ಷ ತಡವಾಗಿ.

“ನೀವು ಬೂಟು ಬಿಚ್ಚೇ ಒಳಗ ಬಂದ್ರಿ. ನಾ ನೋಡಿದ್ದು ಹಂಗೇ.” ಸ್ವಲ್ಪ ಹೊತ್ತು ಬಿಟ್ಟು, “ನನ್ನ ಹತ್ರ ಒಂದು ಜೊತಿ ಹೀಲ್ಸ್ ಇದ್ದವು, ಹಸಿರು ಪಟ್ಟಿವು. ಮದಿವಿಗಿಂತ ಮೊದ್ಲೇ ತಂಗಿಗೆ ಕೊಟ್ಬಿಟ್ಟೆ” ಎಂದರು.

ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಆದರೂ ಆ ಹಸಿರು ಪಟ್ಟಿಯ ಜೋಡು ಅಂದಿನಿಂದ ನಮ್ಮ ಕಣ್ಣೆದುರಿಗೇ ಇದೆ. ನಾವು ದಿನವೂ ಎರಡು ಅಂಗುಲ ಏರುತ್ತಿದ್ದಾಗ ಪಕ್ಕದಲ್ಲಿ ಒಬ್ಬರು ಸದ್ದಿಲ್ಲದೆ ಅಷ್ಟೇ ಇಳಿದಿದ್ದರು. ಲೆಕ್ಕಪತ್ರ ನೋಡುವುದೇ ಕಸುಬಾಗಿರುವ ನಮಗೆ ಈ ಬಾಬತ್ತು ಕಣ್ಣಿಗೆ ಬಿದ್ದಿರಲಿಲ್ಲ.

ನಯಾಪುಲ್ ದಾಟಿ ಪತ್ತರ್‌ಗಟ್ಟಿಯ ಕಡೆಗೆ ಹೋದರೆ ಒಂದು ಗಲ್ಲಿಯಲ್ಲಿ ಕೈಯಿಂದ ಬೂಟು ಹೊಲಿಯುವ ವೃದ್ಧರೊಬ್ಬರಿದ್ದಾರೆ. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅವರ ಅಂಗಡಿಗೆ ಹೋಗುವ ದಾರಿಯಲ್ಲಿಯೇ ಪುರಾನಿ ಹವೇಲಿ. ಆರನೆಯ ನಿಜಾಮರ ಉದ್ದೋ ಉದ್ದದ ಬಟ್ಟೆಯ ಕಪಾಟು ಅಲ್ಲಿದೆ. ಅವರು ತೀರಿಕೊಂಡ ಮೇಲೆ ಮಗ ಉಸ್ಮಾನ್ ಅಲಿ ಖಾನರಿಗೆ ಜೇಕಬ್ ವಜ್ರ ಸಿಕ್ಕಿದ್ದು ತಂದೆಯ ಪಾದರಕ್ಷೆಯ ತುದಿಯಲ್ಲಿ ಎಂಬ ಕಥೆ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಆ ವಜ್ರವನ್ನು ಮಗ ಕಾಗದ ಹಾರದಂತೆ ಇಡಲು ಬಳಸಿದರು. 1937ರಲ್ಲಿ ಟೈಮ್ ಪತ್ರಿಕೆ ಮುಖಪುಟದಲ್ಲಿ ಅಚ್ಚು ಹಾಕಿದ ಆ ಜಗತ್ತಿನ ಅತಿ ಶ್ರೀಮಂತರು ಗಿಡ್ಡ ಆಳು. ಮೆಟ್ಟುತ್ತಿದ್ದದ್ದು ಸವೆದ ಚಪ್ಪಲಿ. ಬೂಟಿನೊಳಗೆ ಅಪ್ಪ ವಜ್ರ ಬಚ್ಚಿಟ್ಟಿದ್ದರು, ನಾವು ಇಟ್ಟಂಗಿ.

ಉಸ್ತಾದರು ಸಂಜೆಯೇ ಬರಲು ಹೇಳಿದ್ದರು. ಹಗಲೆಲ್ಲ ನಡೆದು ಪಾದ ತುಸು ಊದಿಕೊಂಡ ಮೇಲೆ ಅಳತೆ ತೆಗೆದರೆ ಬೂಟು ಕಚ್ಚುವುದಿಲ್ಲ. ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಎರಡೂ ಪಾದ ಬಳಸಿದರು. ಬಲಪಾದ ಎಡದಕ್ಕಿಂತ ಅಗಲವೆಂದು ಆ ದಿನ ತಿಳಿಯಿತು. ನಾವು ಹಳೆಯ ಬೂಟನ್ನು ಮುಂದಿಟ್ಟೆವು. ಒಳಗಿನ ಬೆಣೆಯನ್ನು ಎಳೆದು ತೆಗೆದು ಮೇಜಿನ ಮೇಲಿಟ್ಟು, “ಊಂಚಾಯಿ ಅಂದರ್ ನಕ್ಕೋ ಸಾಬ್. ಬಾಹರ್ ರಖೋ” ಎಂದರು. ಎತ್ತರ ಬೇಕಾದರೆ ಹೊರಗೇ ಇರಲಿ, ಎಲ್ಲರೂ ನೋಡಲಿ. ಬೆಣೆ ಒಳಗಿದ್ದಾಗ ಹಿಮ್ಮಡಿ ಬೂಟಿನ ಹಿಂಗೋಡೆಯಿಂದ ಮೇಲೆದ್ದು ಹೆಜ್ಜೆಹೆಜ್ಜೆಗೂ ಜಾರುತ್ತದೆ, ಬೆರಳುಗಳು ಮೂತಿಗೆ ನುಗ್ಗುತ್ತವೆ, ಅದಕ್ಕೇ ನಿಮ್ಮ ಕಿರುಬೆರಳಿನ ಮೇಲೆ ಈ ಗಂಟು ಎಂದು ತೋರಿಸಿದರು. ಹೊರಗಿನ ಹಿಮ್ಮಡಿಗೆ ಬೂಟನ್ನೇ ತಕ್ಕಂತೆ ಬಾಗಿಸಬಹುದು.

ಆಮೇಲೆ ಅವರು ಮಾಡಿದ ಪರೀಕ್ಷೆಯನ್ನು ಓದುಗರಲ್ಲಿ ನಮ್ಮಂಥವರು ಯಾರಾದರೂ ಇದ್ದರೆ ಗಮನಿಸಲಿ. ದಪ್ಪ ಚರ್ಮದ ತುಂಡುಗಳು, ಒಂದೊಂದೂ ಕಾಲು ಅಂಗುಲ. ಬರಿಗಾಲಿನಲ್ಲಿ ನಿಲ್ಲಿಸಿ ಹಿಮ್ಮಡಿಯ ಕೆಳಗೆ ಒಂದೊಂದಾಗಿ ಪೇರಿಸುತ್ತ ಹೋದರು. ಪ್ರತಿ ತುಂಡಿಗೂ ‘ಬೆರಳು ಎತ್ತಿ’ ಎನ್ನುವರು. ಮೂರು, ನಾಲ್ಕು, ಐದು ತುಂಡಿನವರೆಗೆ ಬೆರಳುಗಳು ಹಾರ್ಮೋನಿಯಂ ನುಡಿಸುವಂತೆ ಆರಾಮವಾಗಿ ಎದ್ದವು. ಆರನೆಯದಕ್ಕೆ ತಾವಾಗಿಯೇ ನೆಲವನ್ನು ಗಿಬರಿ ಹಿಡಿದವು. ದೇಹದ ಭಾರ ಮುಂದಕ್ಕೆ ಜಾರಿತು, ಬೆರಳು ಈಗ ಕಂಬ ಹಿಡಿದ ಕುಡುಕನಂತೆ ಹೆದರಿದೆ ಎಂದರು. ಆರನೆಯದನ್ನು ತೆಗೆದರು. ಉಳಿದದ್ದು ಐದು: ಒಂದೂಕಾಲು ಅಂಗುಲ. ಅದು ನಮ್ಮ ಪಾದದ ಲೆಕ್ಕ. ಇನ್ನೊಬ್ಬರದು ಮುಕ್ಕಾಲಿದ್ದೀತು, ಒಂದೂವರೆ ಇದ್ದೀತು. ಹಿಮ್ಮಡಿಯ ಬುಡ ಮನುಷ್ಯನ ಹಿಮ್ಮಡಿಯಷ್ಟೇ ಅಗಲವಿರಬೇಕು, ತಳಕ್ಕೆ ರಬ್ಬರು, ಏಕೆಂದರೆ ಸರ್ಕಾರಿ ಕಚೇರಿಗಳ ನೆಲ ಮಳೆಗಾಲದಲ್ಲಿ ಜಾರುತ್ತದೆ. ಇದು ಉಸ್ತಾದರ ಸಂಶೋಧನೆಯೇ.

ಅಂದ ಹಾಗೆ, ಬೂಟಿನ ನಂಬರಿನ ಒಂದು ಸ್ವಾರಸ್ಯ. ನಾವು ಕೊಳ್ಳುವ 6, 7, 8 ಎಂಬ ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಅಂತರ ಒಂದು ಜವೆಗೋಧಿಯ ಕಾಳು. ಉದ್ದಕ್ಕೆ ಮೂರು ಕಾಳು ಇಟ್ಟರೆ ಇಂಗ್ಲಿಷರ ಒಂದು ಇಂಚು. ನಮ್ಮ ಅರ್ಥಶಾಸ್ತ್ರದಲ್ಲಿಯೂ ಎಂಟು ಯವ ಸೇರಿದರೆ ಒಂದು ಅಂಗುಲ. ಕಾಳು ಅದೇ, ಅವರು ಉದ್ದಕ್ಕೆ ಇಟ್ಟರು, ನಾವು ಅಡ್ಡಕ್ಕೆ. ಇನ್‌ಸ್ಪೆಕ್ಟರ್ ಹುದ್ದೆ ನಮಗೆ ತಪ್ಪಿದ್ದು ಮೂರು ಕಾಳಿನಿಂದ.

ಎರಡರಿಂದ ಒಂದೂಕಾಲಿಗೆ ಇಳಿಯಲು ಮೂರು ತಿಂಗಳು ಹಿಡಿಯಿತು. ಕಚೇರಿಯಲ್ಲಿ ಯಾರೂ ಗಮನಿಸಲಿಲ್ಲ. ಇದು ನೆಮ್ಮದಿಯೋ ಅವಮಾನವೋ ಇನ್ನೂ ತೀರ್ಮಾನವಾಗಿಲ್ಲ. ಹಿಮ್ಮಡಿ ಈಗ ಹೊರಗೆ ಕಾಣುತ್ತದೆ, ಕಾರಿಡಾರಿನಲ್ಲಿ ಸದ್ದೂ ಮಾಡುತ್ತದೆ. ಬೆಳಗಿನ ಮೊದಲ ಹೆಜ್ಜೆ ನೋಯುವುದಿಲ್ಲ. ಅಪ್ಪನ ಮೊದಲ ವರ್ಷದ ಕಾರ್ಯದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತೆವು, ಹಿಮ್ಮಡಿ ನೆಲಕ್ಕೆ ತಾಗುವುದಕ್ಕೆ ಬೆರಳಗಲ ಉಳಿದಿತ್ತು. ಕಳೆದ ವರ್ಷ ತಾಗಿತು.

ಕಳೆದ ಡಿಸೆಂಬರಿನಲ್ಲಿ ಬೀದರಿನಲ್ಲಿ ಮನೆಯವರ ತಮ್ಮನ ಮದುವೆ. ಹೊರಡುವ ಮುಂಚಿನ ವಾರ ಅವರನ್ನು ಸಿಕಂದರಾಬಾದಿನ ಜನರಲ್ ಬಜಾರಿಗೆ ಕರೆದುಕೊಂಡು ಹೋದೆವು. ಹಸಿರು ಪಟ್ಟಿಯದು ಸಿಗಲಿಲ್ಲ. ಕಂದು ಬಣ್ಣದ್ದು ಸಿಕ್ಕಿತು, ಎರಡು ಅಂಗುಲದ್ದು. ‘ಇಷ್ಟ್ಯಾಕ್ರೀ’ ಎನ್ನುತ್ತಲೇ ಅಂಗಡಿಯ ಉದ್ದಕ್ಕೂ ಎರಡು ಸಲ ನಡೆದು ನೋಡಿದರು. ನಾವು ‘ಬೆರಳು ಎತ್ತಿ’ ಎಂದೆವು. ಎತ್ತಲಾಗಲಿಲ್ಲ. ಒಂದೂವರೆಯದನ್ನು ಕೊಂಡೆವು.

ಕಲ್ಯಾಣಮಂಟಪದ ಬಾಗಿಲಲ್ಲಿ ಛಾಯಾಗ್ರಾಹಕ ನಮ್ಮಿಬ್ಬರನ್ನೂ ನಿಲ್ಲಿಸಿ, “ಸರ್, ನೀವು ಒಂದು ಮೆಟ್ಟಿಲು ಮ್ಯಾಲ ನಿಂತ್ರಿ ಅಂದ್ರ ಚಲೋ” ಎಂದ. ಇಲ್ಲೇ ಇರಲಿ ಎಂದೆವು. ಫೋಟೋ ತೆಗೆದಾದ ಮೇಲೆ ಇಬ್ಬರೂ ಮೆಟ್ಟು ಬಿಚ್ಚಿ ಮೆಟ್ಟಿಲ ಪಕ್ಕದ ರಾಶಿಯಲ್ಲಿ ಇಟ್ಟೆವು. ಬಾಸಿಂಗದ ಸಮೇತ ಹೊರಗೆ ಬಂದಿದ್ದ ಮದುಮಗ ಬಾಗಿ ನಮ್ಮ ಬೂಟೊಂದನ್ನು ಎತ್ತಿಕೊಂಡ. ಒಳಗೆ ಕೈ ಹಾಕಿ ತಡವಿದ. ತಿರುಗಿಸಿ ಹಿಮ್ಮಡಿ ನೋಡಿದ.

“ಭಾವಾ, ಇಟ್ಟಂಗಿ ಎಲ್ಲಿ ಹೋಯ್ತ್ರೀ?”